ಮರಳುಗಾಡಿನಲ್ಲಿ ಬಸುರಿಯ ಗಂಡನ ಗಡ್ಡ

೨೦೦೬ರಲ್ಲಿ, ಒಂಬತ್ತನೇ ಕ್ಲಾಸಿಗೇ ನನ್ನ ಓದು ನಿಂತಿತು. ಚನ್ನರಾಯಪಟ್ಟಣದ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತೆ. ನಾನು ಹಾಕಿದ ಬೆಸುಗೆ ಬಿಟ್ಟಿತು ಎಂದು ಇವತ್ತಿನವರೆಗೂ ಯಾರೂ ವಾಪಸು ತಂದಿಲ್ಲ. ಆ ಕೈಗುಣವೇ ನನ್ನನ್ನು ಒಮಾನಿನ ಮರಳುಗಾಡಿಗೆ, ಎಣ್ಣೆ ಪೈಪುಗಳ ಕೆಲಸಕ್ಕೆ ಕರೆದುಕೊಂಡು ಹೋಯಿತು.

ನಮ್ಮ ಕ್ಯಾಂಪಿನಿಂದ ಹತ್ತಿರದ ಊರಿಗೆ ಬಸ್ಸಿನಲ್ಲಿ ಮೂರು ಗಂಟೆ. ಕಟಿಂಗ್ ಶಾಪಿನ ಮಾತೇ ಇಲ್ಲ. ಅರಕಲಗೂಡು ಕಡೆಯ ಒಬ್ಬ ಫಿಟ್ಟರ್ ಟ್ರಿಮ್ಮರ್ ಇಟ್ಟುಕೊಂಡಿದ್ದ. ಶುಕ್ರವಾರ ರಜೆ. ಅವತ್ತು ಬೆಳಿಗ್ಗೆ ಕ್ಯಾಬಿನ್ನಿನ ನೆರಳಲ್ಲಿ ಬಕೆಟ್ ಬೋರಲು ಹಾಕಿ ನಮ್ಮನ್ನು ಕೂರಿಸುತ್ತಿದ್ದ. ಊರಲ್ಲಿ ಕಿವಿ ಪಕ್ಕದ ಒಂದೊಂದು ಕೂದಲಿಗೂ ತಕರಾರು ತೆಗೆಯುತ್ತಿದ್ದವನು ನಾನು. ಮೊದಲ ಸಲ ಅವನ ಕೈಗೆ ಸಿಕ್ಕಿ, ಎದ್ದು ಮೊಬೈಲಿನಲ್ಲಿ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡೆ.

“ಯಾಕ್ಲಾ, ಚೆಂದಾಗಿಲ್ವಾ?” ಅಂದ.

“ಎಡಗಡೆ ಮೇಕೆ ಮೇದಂಗೈತೆ ಕಣ್ಲಾ.”

“ಇಲ್ಲಿ ಯಾವ ಎಣ್ಣು ನೋಡಕ್ಕೆ ಬತ್ತಾಳೆ? ಒಂಟೆ ತಾನೆ ನೋಡಾದು. ಅದೇನೂ ಅನ್ನಾಕಿಲ್ಲ ಬುಡು.”

ಹಾಗೇ ಒಗ್ಗಿಕೊಂಡೆ. ಎರಡನೇ ವರ್ಷ ರಜೆ ಮುಗಿಸಿ ಬಂದ ಮೇಲೆ, ಬಸುರಿಯಾಗಿದ್ದೇನೆ ಎಂದು ಹೆಂಡತಿ ಫೋನಿನಲ್ಲಿ ಹೇಳಿದಳು. ನಮ್ಮಲ್ಲಿ ಹೆಂಡತಿ ಬಸುರಿಯಾದರೆ ಹೆರಿಗೆಯಾಗುವ ತನಕ ಗಂಡ ಕೂದಲು, ಗಡ್ಡ ತೆಗೆಸುವುದಿಲ್ಲ. ಹಿಂದಿನ ಸಲ, ಒಮಾನಿಗೆ ಬರುವ ಮೊದಲು ಅವಳು ಬಸುರಿಯಾಗಿದ್ದಾಗ, ಸ್ನೇಹಿತನ ಮದುವೆಗೆಂದು ನಾನು ಎರಡನ್ನೂ ತೆಗೆಸಿದ್ದೆ. ಅದೇ ವಾರ ಬಸಿರು ಇಳಿದುಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹಾಸನದ ಡಾಕ್ಟರಮ್ಮ ಹೇಳಿದರು. ಹೆಂಡತಿ ಒಂದು ಮಾತೂ ಆಡಲಿಲ್ಲ. ಅತ್ತೆ ಮಾತ್ರ ನನ್ನ ತಲೆಯನ್ನೊಮ್ಮೆ ನೋಡಿ ಮುಖ ತಿರುಗಿಸಿದರು. ಆ ನೋಟ ನನ್ನನ್ನು ಬಿಟ್ಟಿರಲಿಲ್ಲ.

ಈ ಸಲ ಅವಳು ಕೇಳುವ ಮೊದಲೇ ಮಾತು ಕೊಟ್ಟೆ: “ಮಗು ಆಗೋಗಂಟ ಬ್ಲೇಡ್ ಮುಟ್ಟಾಕಿಲ್ಲ ಕಣಮ್ಮಿ.”

ಐದು ತಿಂಗಳು ನಡೆಸಿದೆ. ಆಮೇಲೆ ನಮ್ಮನ್ನು ವಿಷದ ಗ್ಯಾಸ್ ಇರುವ ಎಣ್ಣೆ ಬಾವಿಯ ಕಡೆ ಹಾಕಿದರು. ಅಲ್ಲಿ ಮಾಸ್ಕ್ ಮುಖಕ್ಕೆ ಅಂಟಿ ಕೂರಬೇಕು. ಗಡ್ಡವಿದ್ದರೆ ಸಂದಿಯಲ್ಲಿ ಗ್ಯಾಸ್ ನುಗ್ಗುತ್ತದೆ. ಸೇಫ್ಟಿಯವನು ನನ್ನನ್ನು ಗೇಟಿನಿಂದಲೇ ವಾಪಸು ಕಳಿಸಿದ. ಮೂರು ದಿನ ಸ್ಟೋರಿನಲ್ಲಿ ಬೋಲ್ಟು ಆರಿಸುತ್ತಾ ಕೂತೆ. ಹೀಗೇ ಇದ್ದರೆ ಊರಿಗೆ ಟಿಕೆಟ್ ಎಂದರು. ಊರಿಗೆ ಹೋಗುವುದಕ್ಕಲ್ಲ, ಕೆಲಸ ಬರದವನ ಹಾಗೆ ಹೋಗುವುದಕ್ಕೆ ಮನಸ್ಸು ಒಪ್ಪಲಿಲ್ಲ. ನಾಲ್ಕನೇ ದಿನ ಫಿಟ್ಟರನ ಮುಂದೆ ಕೂತು, “ತಲೆ ಮುಟ್ಬ್ಯಾಡ, ಗಡ್ಡ ಅಷ್ಟೇಯ,” ಎಂದೆ. ಅವತ್ತು ಅವನು ತಮಾಷೆ ಮಾಡಲಿಲ್ಲ.

ಹೆಂಡತಿಗೆ ಹೇಳಲು ಧೈರ್ಯ ಬರಲಿಲ್ಲ. ವಿಡಿಯೋ ಕಾಲ್ ಬಂದರೆ ಧೂಳು, ಧೂಳು ಎಂದು ಮೂಗಿನ ತನಕ ಟವಲ್ ಸುತ್ತಿಕೊಳ್ಳುತ್ತಿದ್ದೆ. ಎರಡು ವಾರ ಹೀಗೇ ಹೋಯಿತು. ನುಗ್ಗೇಹಳ್ಳಿಯ ತವರಿನಲ್ಲಿದ್ದ ಅವಳು ಒಂದು ದಿನ ಅಂದಳು:

“ರೀ, ರೂಮೊಳಗೂ ಧೂಳಾ? ಟವಲ್ ತೆಗೀರಿ.”

ತೆಗೆದೆ. ಗ್ಯಾಸು, ಮಾಸ್ಕು, ಗೇಟು ಎಲ್ಲ ಹೇಳಿದೆ.

“ಗಡ್ಡ ಇಟ್ಕಂಡೇ ಅಲ್ಲೋಗಿದ್ರೆ ಏನಾಯ್ತಿತ್ತು?”

“ಉಸ್ರು ಕಟ್ತಿತ್ತು.”

“ಮತ್ತೆ? ಮಗೀಗೆ ಗಡ್ಡ ಬೇಕಾ, ಅಪ್ಪ ಬೇಕಾ? ದಿನಾ ಬೋಳಿಸ್ಕಂಡೇ ಓಗಿ. ಅವ್ವಂಗೆ ನಾನೇಳ್ತೀನಿ.” ಆಮೇಲೆ ದನಿ ಇಳಿಸಿ, “ಓದ್ಸಲದ್ದೂ ನಿಮ್ಮಿಂದ ಅಲ್ಲ ಕಣ್ರೀ. ಆವತ್ತೇ ಅಂದ್ಬುಡ್ಬೇಕಿತ್ತು ನಾನು,” ಎಂದಳು.

ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ. ಮಾರನೇ ದಿನದಿಂದ ನಲ್ಲಿಯ ಹತ್ತಿರ ನಿಂತು ನಾನೇ ಬೋಳಿಸಿಕೊಳ್ಳುತ್ತಿದ್ದೆ. ಬೆಳೆದ ತಲೆಗೂದಲನ್ನು ಹೆರಿಗೆಯಾಗುವ ತನಕ ಹೆಲ್ಮೆಟ್ಟಿನೊಳಗೆ ತುರುಕಿಕೊಂಡೆ. ಅಷ್ಟಾದರೂ ಇರಲಿ ಅನ್ನಿಸಿತು.

ಈಗ ಊರಲ್ಲೇ ಇದ್ದೇನೆ. ಶಾಂತಿಗ್ರಾಮದ ಹತ್ತಿರ ಸ್ವಂತ ವೆಲ್ಡಿಂಗ್ ಶಾಪು ಒಂದು, ಹಸು ಎರಡು, ತೆಂಗಿನ ಮರ ನಲವತ್ತು, ಹೆಂಡತಿ, ಆರು ವರ್ಷದ ಮಗಳು ಒಬ್ಬಳು.