ತಮ್ಮ ಬದಲಿಸಿದ ಕಿಟಕಿ

ನನ್ನ ತಮ್ಮ ಬಡಗಿ. ಪೇಟೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ಅವನು ‘ಮಿಲಿಮೀಟರ್’. ಬಾಗಿಲ ಸಂದಿಯಲ್ಲಿ ಎಳೆಯಷ್ಟು ಬೆಳಕು ಕಂಡರೂ ಕಳಚಿ ಮತ್ತೆ ಕೂರಿಸುತ್ತಾನೆ. “ಅಷ್ಟನ್ನ ಯಾರು ನೋಡ್ತಾರೋ?” ಎಂದರೆ, “ನಾನು ನೋಡ್ತೀನಲ್ಲ ಅಕ್ಕ” ಅನ್ನುತ್ತಾನೆ. ಇಂಥವನ ಜೊತೆ ಒಂದೇ ಮನೆಯಲ್ಲಿ ಏಗುವುದಕ್ಕೆ ನನ್ನಂಥ ಬಾಯಿಬಡುಕಿಯೇ ಬೇಕು.

ಮಗಳಿಗೆ ಎರಡು ತುಂಬುವ ಮೊದಲೇ ಅವನ ಹೆಂಡತಿ ತೀರಿಕೊಂಡಳು. ಪುಟ್ಟಿಯನ್ನು ಸಾಕಿದವಳು ನಾನು. ಸಾಕಿದ್ದೇನು ಬಂತು, ಕೀವು ಒರೆಸಿದ್ದೇ ಹೆಚ್ಚು. ಇವತ್ತು ಕತ್ತಿನಲ್ಲಿ ಬಾವು, ನಾಳೆ ಲಿವರಿನಲ್ಲಿ. ಏಳನೇ ವರ್ಷಕ್ಕೆ ಒಬ್ಬ ಡಾಕ್ಟರ್ ಬಿಡಿಸಿ ಹೇಳಿದರು: ಇವಳ ರಕ್ತದ ಬಿಳಿ ಕಣಗಳು ರೋಗಾಣುವನ್ನು ಹಿಡಿಯುತ್ತವೆ, ಕೊಲ್ಲಲು ಅವಕ್ಕೆ ಬರುವುದಿಲ್ಲ. ಹುಟ್ಟಿನಿಂದಲೇ ಬಂದ ಅಪರೂಪದ ದೋಷ. ಬೂಷ್ಟು ಎಂದರಂತೂ ಇಂಥ ಮಕ್ಕಳಿಗೆ ಯಮ.

ದಾರಿ ಒಂದೇ, ಬೇರೆಯವರ ಸ್ಟೆಮ್ ಸೆಲ್ ಹಾಕುವುದು. ಹಳೆಯ ಪದ್ಧತಿಯಲ್ಲಿ ಕಟುವಾದ ಔಷಧಿ ಕೊಟ್ಟು ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಸುಟ್ಟುಬಿಡುತ್ತಿದ್ದರಂತೆ. ಪುಟ್ಟಿಯ ಲಿವರ್ ಅದನ್ನು ತಾಳುತ್ತಿರಲಿಲ್ಲ. ಈಗ ಸೌಮ್ಯವಾದ ದಾರಿಯೊಂದಿದೆ, ಸ್ವಲ್ಪ ಔಷಧಿ ಕೊಟ್ಟು ಹೊಸ ಸೆಲ್ಲುಗಳಿಗೆ ಬೇಕಾದಷ್ಟೇ ಜಾಗ ಮಾಡುವುದು. “ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡ್ಬೇಕಮ್ಮ” ಎಂದರು ಡಾಕ್ಟರ್. ಪೂರ್ತಿ ಹೊಂದುವವರು ಸಿಗಲಿಲ್ಲ. ಅರ್ಧ ಹೊಂದುವ ಅಪ್ಪನೇ ಕೊಟ್ಟ.

ಆರನೇ ವಾರ ರಿಪೋರ್ಟ್ ಬಂತು. ನೂರಕ್ಕೆ ಎಂಬತ್ತು ಅಪ್ಪನ ಸೆಲ್ಲುಗಳು!

“ಅತ್ತೆ, ಹಾಗಾದ್ರೆ ನಾನೂ ಬಡಗಿ ಆಗ್ತೀನಾ?”

“ಆಗು ತಾಯಿ. ನಿಮ್ಮಪ್ಪನ ಥರ ತಲೆ ತಿನ್ನೋ ಬಡಗಿ ಮಾತ್ರ ಆಗ್ಬೇಡ.”

ಎಷ್ಟೋ ವರ್ಷದ ಮೇಲೆ ಆ ದಿನ ನಾನು ಹೊಟ್ಟೆ ತುಂಬ ನಕ್ಕೆ.

ಮನೆಗೆ ಕಳಿಸುವ ಮೊದಲು ನರ್ಸ್ ಎಚ್ಚರಿಸಿದಳು: “ಮನೇಲಿ ತೇವ ಇರ್ಬಾರ್ದು, ಕೊಳೆತದ್ದು ಇರ್ಬಾರ್ದು.” ತಮ್ಮ ಮನೆಗೆ ಹೋಗಿ ಪುಟ್ಟಿಯ ಕೋಣೆಯನ್ನು ಇಂಚಿಂಚೂ ತಡವಿದ. ಕಿಟಕಿ ಚೌಕಟ್ಟಿನ ಕೆಳಪಟ್ಟಿ ಬಣ್ಣದಡಿಯಲ್ಲಿ ಕೊಳೆತಿತ್ತು. ಉಳಿ ಒತ್ತಿದರೆ ಸಲೀಸಾಗಿ ಒಳಗೆ ಹೋಯಿತು. ಬೇರೆಯವರಿಗೆ ಅದು ಕಾಣುತ್ತಲೇ ಇರಲಿಲ್ಲ, ಕಂಡಿದ್ದರೂ ಕೋಣೆಗೆ ಬೀಗ ಜಡಿದು ಮಗುವನ್ನು ನನ್ನ ಕೋಣೆಯಲ್ಲಿ ಮಲಗಿಸುತ್ತಿದ್ದರು. ಇವನು ಬಡಗಿಯಲ್ಲವೇ! ಇಡೀ ಚೌಕಟ್ಟನ್ನು ಕಿತ್ತ, ಹೊಸ ತೇಗದ್ದನ್ನು ಕೂರಿಸಿದ, ಕೋಣೆಯನ್ನು ಮೂರು ಸಲ ತೊಳೆದ. ಆಸ್ಪತ್ರೆಯಲ್ಲಿದ್ದ ನನಗೆ ಒಂದು ಮಾತು ಹೇಳಲಿಲ್ಲ.

ಎರಡು ದಿನ ಬಿಟ್ಟು ಮಗುವನ್ನು ಕರೆತಂದೆವು. “ನೋಡಕ್ಕ, ಒಂದು ಕಾಗದನೂ ತೂರಲ್ಲ” ಎಂದು ಕಿಟಕಿ ಮುಚ್ಚಿ ತೋರಿಸಿದ.

ಒಂಬತ್ತನೇ ದಿನ ಜ್ವರ. ಶ್ವಾಸಕೋಶದಲ್ಲಿ ಬೂಷ್ಟು.

“ಮನೇಲಿ ಏನಾದ್ರೂ ಒಡೆಯೋ, ಕೀಳೋ ಕೆಲಸ ಆಯ್ತಾ?” ಡಾಕ್ಟರ್ ಕೇಳಿದರು.

ತಮ್ಮ ಮುಚ್ಚಿಡಲಿಲ್ಲ. “ಕೊಳೆತ ಚೌಕಟ್ಟು ಕಿತ್ತೆ ಸಾರ್. ಕೊಳೆತದ್ದು ಇರ್ಬಾರ್ದು ಅಂದಿದ್ರಲ್ಲ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. ಕಿತ್ತಾಗ ಎದ್ದ ಬೂಷ್ಟಿನ ಪುಡಿ ಗಾಳಿಯಲ್ಲಿ ಸೇರಿಬಿಡುತ್ತದಂತೆ, ತೊಳೆದರೂ ಪೂರ್ತಿ ಹೋಗುವುದಿಲ್ಲವಂತೆ. ಅಪ್ಪನ ಸೆಲ್ಲುಗಳೇನೋ ನಿಂತಿದ್ದವು, ಆದರೆ ಅವಕ್ಕಿನ್ನೂ ಬಲ ಬಂದಿರಲಿಲ್ಲ. ಇನ್ನು ಕೆಲವು ತಿಂಗಳು ಬೇಕಿತ್ತು. ಹದಿನೆಂಟು ದಿನ ಹೋರಾಡಿ, ಒಂದು ಸೋಮವಾರ ಮಧ್ಯಾಹ್ನ ಪುಟ್ಟಿ ಹೋಗಿಬಿಟ್ಟಳು.

ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ವಾರ್ಡಿನ ಹೊರಗೆ ಅವನ ಅಂಗಿ ಹಿಡಿದು ಜಗ್ಗಿ ಕಿರುಚಿದೆ: “ನೀನೇ ಕೊಂದೆ ಕಣೋ! ಕೈಯಾರೆ ಕೊಂದೆ!”

“ಹೌದಕ್ಕ” ಎಂದ.

ತಿಂಗಳಾದ ಮೇಲೆ ಡಾಕ್ಟರ್ ನನ್ನನ್ನು ಕೂರಿಸಿಕೊಂಡು ಹೇಳಿದರು: ಆ ಬೂಷ್ಟು ಮೊದಲೇ ಶ್ವಾಸಕೋಶದಲ್ಲಿ ಅಡಗಿದ್ದಿರಬಹುದು, ಅಷ್ಟು ಸಣ್ಣದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಕಿಟಕಿಯಿಂದಲೇ ಬಂತೆಂದು ಯಾರೂ ಹೇಳಲಾರರು. ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿ ಬಂದೆ. ತಮ್ಮನಿಗೆ ಬಡಿಸುವಾಗ ಹೇಳಿದೆ, ಅಂಗಡಿಗೆ ಹೋಗಿ ಹೇಳಿದೆ, ಕೈ ಹಿಡಿದು ಅತ್ತು ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. “ಇರಬಹುದು ಅಕ್ಕ” ಎನ್ನುತ್ತಾನೆ, ತಿರುಗಿ ಗರಗಸ ಹಿಡಿಯುತ್ತಾನೆ. ಚಿಕ್ಕಂದಿನಿಂದ ಅವನು ಯಾರ ಮಾತನ್ನು ನಂಬದಿದ್ದರೂ ನನ್ನ ಮಾತನ್ನು ನಂಬುತ್ತಿದ್ದ. ಆ ಸೋಮವಾರ ನಾನು ಹೇಳಿದ್ದನ್ನೂ ನಂಬಿಬಿಟ್ಟಿದ್ದಾನೆ.