ಮೇಜು ಕಟ್ಟಿದ ಬಳೆ

ವರ್ಲಿನ್ ಸ್ಟ್ರೌಡ್ ಸುಳ್ಳು ಹೇಳುವ ಜಾಯಮಾನದವನಲ್ಲ. ವಯೋಮಿಂಗಿನಲ್ಲಿ ನಲವತ್ತು ವರ್ಷ ಬೀಟ್‌ಗೆಡ್ಡೆಯ ಲಾರಿ ಓಡಿಸಿದವನು. ತೂಕದ ಕಟ್ಟೆಯ ಮೇಲೆ ಲಾರಿ ನಿಲ್ಲಿಸಿ ಇಳಿದರೆ ಗುಮಾಸ್ತ ತಕ್ಕಡಿಯ ಮುಳ್ಳಿನ ಕಡೆ ನೋಡದೆ ಇವನ ಬಾಯಿ ನೋಡಿ ಬರೆದುಕೊಳ್ಳುತ್ತಿದ್ದನಂತೆ. ಅಂಥವನಿಂದ ಹೊರಟ ಸುಳ್ಳು ಒಂದೇ ಒಂದು. ಅದೂ ಬಾಯಿಂದ ಹೊರಟಿದ್ದಲ್ಲ, ಕತ್ತಿನಿಂದ ಹೊರಟಿದ್ದು. ಒಮ್ಮೆ ತಲೆಯಾಡಿಸಿದ, ಅಷ್ಟೆ. ಒಂದು ಇಡೀ ವರ್ಷ ಆ ತಲೆಯನ್ನು ಹೊತ್ತು ತಿರುಗುವುದು ಅವನಿಗೆ ಭಾರವಾಯಿತು.

ಸುಗ್ಗಿ ಮುಗಿದು ಮೊದಲ ಹಿಮ ಬೀಳುತ್ತಿದ್ದಂತೆ ಅವನೂ ಹೆಂಡತಿ ಟ್ವೈಲಾಳೂ ಟ್ರೇಲರ್ ಕಟ್ಟಿಕೊಂಡು ತೆಂಕಲಿಗೆ, ಅರಿಝೋನಾದ ಮರಳುಗಾಡಿಗೆ ಇಳಿಯುವರು. ಅಲ್ಲೊಂದು ಒಣಹಳ್ಳದ ದಂಡೆಯಲ್ಲಿ ಅವರಂಥವರದೇ ಹತ್ತು ಹನ್ನೆರಡು ಟ್ರೇಲರುಗಳು, ಮಂದೆ ಕೂತ ಹಾಗೆ ದುಂಡಗೆ, ಚಳಿಗಾಲ ಕಳೆಯುತ್ತಿದ್ದವು. ಸಂಜೆ ನಾಲ್ಕಕ್ಕೆ ಅವರವರ ಕುರ್ಚಿ, ಅವರವರ ಲೋಟ ಹಿಡಿದು ನಡುವಿನ ಬಯಲಿಗೆ ಬಂದು ಕೂರಬೇಕು. ಬರದಿದ್ದವನ ಬಾಗಿಲು ಬಡಿದು ಬದುಕಿದ್ದಾನೋ ಇಲ್ಲವೋ ನೋಡಿ ಬರುವುದು ಅಲ್ಲಿಯ ಕಟ್ಟಳೆ.

ಇವರ ಟ್ರೇಲರಿನ ಮುಂದಿನ ಅರ್ಧ ಮನೆ, ಹಿಂದಿನ ಅರ್ಧ ಕೊಟ್ಟಿಗೆ. ಮುಂದೆ ಒಲೆ, ಮಂಚ, ಕಕ್ಕಸು. ಹಿಂದೆ ಮರಳಲ್ಲಿ ಓಡಿಸುವ ನಾಲ್ಕು ಚಕ್ರದ ಎರಡು ಬೈಕು, ಒಂದು ಅವನದು, ಒಂದು ಅವಳದು. ಹಿಂಗೋಡೆಯೇ ಬಾಗಿಲು. ಚಿಲಕ ತೆಗೆದು ಕೆಳಕ್ಕೆ ಮಲಗಿಸಿದರೆ ಅದೇ ಬೈಕು ಇಳಿಸುವ ಇಳಿಜಾರು. ಬೈಕುಗಳು ಹೊರಗೆ ಹೋದವೆಂದರೆ ಕೊಟ್ಟಿಗೆ ಪಡಸಾಲೆಯಾಗುತ್ತಿತ್ತು. ಎರಡು ಗೋಡೆಗೂ ಮಡಿಸಿಟ್ಟ ಸೋಫಾ ಬಿಚ್ಚಿ, ನಡುವೆ ಎರಡು ಕಂಬ ನೆಟ್ಟು ಮೇಲೆ ಮೇಜಿನ ಹಲಗೆ ಕೂರಿಸಬೇಕು.

ಆ ಟ್ರೇಲರ್ ಮಾಡಿದ ಪುಣ್ಯಾತ್ಮ ಮೇಜು ಕೊಟ್ಟ, ಮೇಜು ಇಡಲು ಜಾಗ ಕೊಡಲಿಲ್ಲ. ಇಬ್ಬರು ಹಿಡಿದರೆ ಮಾತ್ರ ಮೇಲೇಳುವ ಹಲಗೆ ಅದು. ಬೈಕು ಒಳಗೆ ಬಂದರೆ ಮೇಜು ಎಲ್ಲಿಗೆ ಹೋಗಬೇಕು? ಕಕ್ಕಸಿನಲ್ಲಿ ನಿಲ್ಲಿಸಿದರು, ದಾರಿಯಲ್ಲಿ ಹೊಟ್ಟೆ ಕೆಟ್ಟವರ ಗತಿ ದೇವರಿಗೇ ಪ್ರೀತಿ. ಸೋಫಾದ ಹಿಂದೆ ತುರುಕಿದರು, ಸೋಫಾ ಮಡಿಸಲು ಬರಲಿಲ್ಲ. ಹಾಸಿಗೆಯ ಮೇಲೆ ಮಲಗಿಸಿದರು, ಟ್ವೈಲಾ ಹೊಲಿದ ಕೌದಿಗೆ ಗ್ರೀಸು ಮೆತ್ತಿತು.

“ಇಡು ಇಡು, ಅಲ್ಲೇ ಇಡು. ರಾತ್ರಿ ಅದನ್ನೇ ತಬ್ಕೊಂಡು ಮಲಕ್ಕೋ. ನಾನು ಬೈಕ್ ಮೇಲೆ ಮಲಗ್ತೀನಿ,” ಎನ್ನುವಳು ಅವಳು.

“ಬೈಕಾದ್ರೂ ಗೊರಕೆ ಹೊಡೆಯಲ್ಲ ಅಂತೀಯಾ?”

“ಅದು ಕೀ ತಿರುಗಿಸಿದ್ರೆ ಸುಮ್ನಾಗುತ್ತೆ ಕಣೋ. ನಿನಗೆ ಕೀ ಎಲ್ಲಿದೆ ಅಂತ ಇಷ್ಟು ವರ್ಷ ಆದ್ರೂ ಸಿಕ್ಕಿಲ್ಲ ನಂಗೆ.”

ಎಂಟು ವರ್ಷ ಗಂಡಹೆಂಡಿರ ಜಗಳಕ್ಕೆ ಬೇರೆ ವಿಷಯ ಬೇಕಾಗಿರಲಿಲ್ಲ. ಒಂಬತ್ತನೆಯ ವರ್ಷ ಅದನ್ನು ಬಗೆಹರಿಸಿದವನು ಹಾಲಿಸ್.

ಹಾಲಿಸ್ ನೆಬ್ರಾಸ್ಕಾದವನು, ಹೆಂಡತಿ ಸತ್ತವನು. ಬಾಳಿಡೀ ಜೋಳ ತುಂಬುವ ತಗಡಿನ ಕಣಜಗಳನ್ನು ನಿಲ್ಲಿಸಿದ್ದ. ಒಂದೊಂದು ಕಣಜಕ್ಕೆ ಸಾವಿರಾರು ಬೋಲ್ಟು. ಸುಂಟರಗಾಳಿ ಬಂದು ಊರಿನ ಚರ್ಚಿನ ಮಾಡು ಹಾರಿಸಿಕೊಂಡು ಹೋದಾಗ ಪಕ್ಕದಲ್ಲೇ ಇದ್ದ ಇವನ ಕಣಜ ಅಲುಗಿರಲಿಲ್ಲ. ಬಯಲಿನಲ್ಲಿ ಯಾರ ಟ್ರೇಲರಿನ ಏನು ಕಳಚಿದರೂ ಕರೆ ಹೋಗುತ್ತಿದ್ದುದು ಅವನಿಗೆ. ಒಂದು ಬೆಳಿಗ್ಗೆ ಬಂದು, ಹಿಂಬಾಗಿಲ ಪಕ್ಕದ ಗೋಡೆಯನ್ನು ವೈದ್ಯ ಎದೆ ತಟ್ಟಿ ನೋಡುವ ಹಾಗೆ ಬೆರಳಲ್ಲಿ ತಟ್ಟುತ್ತ ಹೋಗಿ, ಒಳಗಿನ ಕಬ್ಬಿಣದ ಕಂಬಿ ಎಲ್ಲಿದೆ ಎಂದು ಕಿವಿಯಲ್ಲೇ ಕಂಡುಕೊಂಡು, ನಾಲ್ಕು ಬೋಲ್ಟು ಹಾಕಿ ಒಂದು ಕಬ್ಬಿಣದ ಬಳೆ ಕೂರಿಸಿದ. ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸು, ಪಟ್ಟಿ ಸುತ್ತು, ಪಟ್ಟಿಯ ಕೊಕ್ಕೆಯನ್ನು ಬಳೆಗೆ ಸಿಕ್ಕಿಸಿ ಬಿಗಿ. ಇಷ್ಟೇ.

“ಬೇಕಾದ್ರೆ ಗೂಳಿ ಕಟ್ಟು,” ಎಂದಿದ್ದ ಹಾಲಿಸ್. “ಟ್ರೇಲರ್ ಹೋದೀತು, ಬಳೆ ಹೋಗಲ್ಲ.”

ನಾಲ್ಕು ಚಳಿಗಾಲ ಬಳೆ ಹೋಗಲಿಲ್ಲ. ಐದನೆಯದರಲ್ಲಿ ನಡೆದದ್ದು ಹೀಗೆ.

ಬಯಲಿಗೆ ಇನ್ನು ಹನ್ನೆರಡು ಮೈಲಿ ಇರುವಾಗ ಪೆಟ್ರೋಲಿಗೆಂದು ನಿಲ್ಲಿಸಿದ್ದರು. ಎಂಜಿನ್ನಿಗೆ ಎಣ್ಣೆ ಹಾಕಬೇಕಿತ್ತು, ಎಣ್ಣೆ ಡಬ್ಬ ಮೇಜಿನ ಹಿಂದೆ ಸೇರಿಕೊಂಡಿತ್ತು. ವರ್ಲಿನ್ ಒಳಗೆ ಹೋಗಿ ಕೊಕ್ಕೆ ಬಿಚ್ಚಿದ, ಹಲಗೆ ಸರಿಸಿದ, ಡಬ್ಬ ತೆಗೆದ. ಹಲಗೆಯನ್ನು ಮತ್ತೆ ಒರಗಿಸಿದ. ಕೊಕ್ಕೆ ಹಾಕಲಿಲ್ಲ. ಮರೆತನೆಂದಲ್ಲ. ಹನ್ನೆರಡೇ ಮೈಲಿ ತಾನೆ ಎಂದುಕೊಂಡ.

ಹನ್ನೆರಡು ಮೈಲಿಯಲ್ಲಿ ಕೊನೆಯ ಎರಡು ಮೈಲಿ ಹಳ್ಳದ ಕಲ್ಲುದಾರಿ. ಹಲಗೆ ಜಾರಿ ಹಿಂಬಾಗಿಲಿಗೇ ಒರಗಿ ಕೂತಿತ್ತು. ಬಯಲು ಸೇರಿದ ಕೂಡಲೇ ಟ್ರೇಲರಿನ ಮಟ್ಟ ನೋಡುವುದು ಅವನ ಕೆಲಸ, ಹಿಂಬಾಗಿಲು ತೆಗೆಯುವುದು ಅವಳ ಕೆಲಸ. ಅರವತ್ತೆಂಟರ ಟ್ವೈಲಾ “ಬಂದ್ವಿ ಕಣ್ರೋ ದರಿದ್ರಗಳಾ!” ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಚಿಲಕ ತೆಗೆದಳು. ಬಾಗಿಲು, ಬಾಗಿಲ ಹಿಂದೆ ಹಲಗೆ, ಎರಡೂ ಒಟ್ಟಿಗೆ ಅವಳ ಮೇಲೆ ಬಂದವು.

ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯ ಓಣಿಯಲ್ಲಿ ವರ್ಲಿನ್ ಗೋಡೆ ಹಿಡಿದು ನಿಂತಿದ್ದ. ಹಾಲಿಸ್ ಓಡಿ ಬಂದ.

“ಬಳೆ ಹಿಡೀಲಿಲ್ವೇನೋ? ನನ್ನ ಬಳೆ ಕಿತ್ತು ಬಂತಾ?”

ಕೇಳಿದ್ದು ಹಾಲಿಸ್. ವರ್ಲಿನ್ ಕತೆ ಕಟ್ಟಲಿಲ್ಲ. ಒಳಗೆ ಟ್ವೈಲಾ ಕೂಗಿಕೊಳ್ಳುತ್ತಿದ್ದಳು, ಅವನ ತಲೆ ತಾನಾಗಿ ಹೌದೆಂದು ಆಡಿಬಿಟ್ಟಿತು.

ಮರುದಿನ ಮಧ್ಯಾಹ್ನ ಅವಳ ಬಟ್ಟೆ ತರಲು ಬಂದವನು ಒಳಗೆ ಹೋಗಿ ನೋಡಿದರೆ ಬಳೆ ಗೋಡೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಪಟ್ಟಿ ಪಕ್ಕದಲ್ಲಿ ಜೋತಿತ್ತು. ಅವನು ಹಿಂಬಾಗಿಲು ಎತ್ತಿ ಮುಚ್ಚಿಕೊಂಡು ಸಣ್ಣ ಹಾರೆ ಕೈಗೆ ತೆಗೆದುಕೊಂಡ.

ಕಿತ್ತ ಬಳೆಯನ್ನು ಹಾಲಿಸ್ ಕೇಳಿ ಇಸಿದುಕೊಂಡ. ಬಾಗಿದ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ, ಅಂಗಿಯ ಜೇಬಿಗೆ ಹಾಕಿಕೊಂಡ. ಗೋಡೆ ನೋಡುತ್ತೇನೆಂದು ಮಾತ್ರ ಕೇಳಲಿಲ್ಲ. ನೋಡುವ ಧೈರ್ಯ ಅವನಿಗಿರಲಿಲ್ಲ. ವರ್ಲಿನ್ ಕಿತ್ತ ಜಾಗದ ಮೇಲೊಂದು ಪ್ಲೈವುಡ್ ತುಂಡು ಬಡಿದು ಮುಚ್ಚಿದ.

ಆ ಚಳಿಗಾಲ ಹಾಲಿಸ್ ಇವರ ಮನೆಯ ಆಳಿಗಿಂತ ಕಡೆಯಾದ. ನೀರು ತುಂಬಿಸಿ ತಂದ, ಹೊಲಸಿನ ತೊಟ್ಟಿ ಒಯ್ದು ಸುರಿದು ಬಂದ, ಟ್ವೈಲಾ ಹಿಡಿದು ನಡೆಯಲೆಂದು ಇಳಿಜಾರಿನ ಎರಡೂ ಬದಿಗೆ ಕಂಬಿ ಮಾಡಿಕೊಟ್ಟ. ಅದನ್ನೂ ತಾನು ಬಿಗಿಯಲಿಲ್ಲ, “ಬೋಲ್ಟು ನೀನೇ ಹಾಕು ವರ್ಲಿನ್” ಎಂದ. ಟ್ವೈಲಾಳ ಬೈಕು ಮಾರಿಹೋಯಿತು. ಮುಂದಿನ ವರ್ಷ ಹೊರಡುವಾಗ ಕೊಟ್ಟಿಗೆಯಲ್ಲಿ ಬೇಕಾದಷ್ಟು ಜಾಗ. ಮೇಜನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ಮುಂದಿನ ಚಳಿಗಾಲ ಬಯಲಿಗೆ ಒಂದು ಹೊಸ ಜೋಡಿ ಬಂತು, ಕರ್ಟಿಸ್ ಮತ್ತು ಜೊಲೀನ್. ಐವತ್ತರ ಒಳಗಿನವರು. ಅವರದೂ ಹಿಂದೆ ಕೊಟ್ಟಿಗೆಯಿರುವ ಟ್ರೇಲರೇ. ಮೂರನೆಯ ದಿನ ಸಂಜೆ ನಾಲ್ಕರ ಕೂಟದಲ್ಲಿ ಜೊಲೀನ್ ಕೇಳಿದಳು: “ಆ ಹಾಳು ಮೇಜನ್ನ ಎಲ್ಲಿ ಇಡ್ತೀರಾ ಎಲ್ರೂ? ನಮ್ಮೋರು ನನ್ನ ದಿಂಬಿನ ಮೇಲೆ ಇಡ್ತಾರೆ.”

“ಹಾಲಿಸ್‌ನ ಕೇಳಮ್ಮ,” ಎಂದರು ಯಾರೋ ರೂಢಿಯ ಮೇಲೆ. ಹೇಳಿ ನಾಲಿಗೆ ಕಚ್ಚಿಕೊಂಡರು.

ಹಾಲಿಸ್ ಲೋಟದೊಳಗೆ ನೋಡುತ್ತ, “ನಾನು ಕೈ ಬಿಟ್ಟಿದೀನಮ್ಮ. ನನ್ನ ಸಾಮಾನೆಲ್ಲ ಆ ಪೆಟ್ಟಿಗೇಲಿದೆ, ನಿಮ್ಮೆಜಮಾನ್ರಿಗೆ ಬೇಕಾದ್ದು ತಗೊಂಡು ಹೋಗ್ಲಿ. ನಂಗೆ ಬೇಡ,” ಎಂದ.

ಕರ್ಟಿಸ್ ಏನೂ ಅರಿಯದವನು. “ಅಯ್ಯೋ, ಹಂಗ್ಯಾಕಂತೀರಿ! ನಿಮ್ಮ ಬೋಲ್ಟು ಅಂದ್ರೆ ಸುಂಟರಗಾಳೀನೂ ಸಲಾಮು ಹೊಡೆಯುತ್ತೆ ಅಂತ ಇವ್ರೆಲ್ಲ ಹೇಳ್ತಿದ್ರಲ್ಲ?”

“ಗಾಳಿಗೆ ಕಣ್ಣಿರ್ಲಿಲ್ಲ, ಕಣಜ ಉಳೀತು ಅಷ್ಟೆ,” ಎಂದ ಹಾಲಿಸ್. ಕುರ್ಚಿ ಮಡಿಸಿಕೊಂಡು ಎದ್ದು ಹೋದ.

ವರ್ಲಿನ್ ಟ್ವೈಲಾಳನ್ನು ನಡೆಸಿಕೊಂಡು ಟ್ರೇಲರಿಗೆ ಬಂದ. ಅವಳು ಸೋಫಾದ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, ಎದುರಿನ ಪ್ಲೈವುಡ್ ತುಂಡನ್ನೇ ನೋಡಿದಳು.

“ಕೇಳಿಸ್ತಾ ಅವನು ಹೇಳಿದ್ದು?”

“ಕೇಳಿಸ್ತು.”

“ಅವತ್ತು ನಾನು ಅಂಗಾತ ಬಿದ್ದಿದ್ನಲ್ಲ ವರ್ಲಿನ್. ನನ್ನ ಮೇಲೆ ಹಲಗೆ. ತಲೆ ಮಾತ್ರ ಹೊರಗಿತ್ತು, ಟ್ರೇಲರ್ ಒಳಗಿರೋದೆಲ್ಲ ಕಾಣ್ತಿತ್ತು. ಬಳೆ ಗೋಡೇಲಿತ್ತು.”

ವರ್ಲಿನ್ ನಿಂತಲ್ಲೇ ನಿಂತ. ಒಲೆಯ ಮೇಲೆ ಹುರುಳಿಕಾಯಿ ಸಾರು ಕುದಿಯುತ್ತಿತ್ತು, ಅದನ್ನು ಇಳಿಸಬೇಕೆಂದೂ ಅವನಿಗೆ ತೋಚಲಿಲ್ಲ.

“ವರ್ಷ ಪೂರ್ತಿ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಯಾಕೆ ಕೇಳ್ಲಿಲ್ಲ?”

“ಏನಂತ ಕೇಳ್ಲಿ? ಇವತ್ತು ನೀನೇ ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ನನ್ನ ಸೊಂಟ ಹಾಳಾಗಿ ಹೋಗ್ಲಿ, ಕೊಕ್ಕೆ ಹಾಕ್ದೆ ಇರೋದು ಯಾರಿಗೂ ಆಗುತ್ತೆ. ಆ ಮನುಷ್ಯ ನನ್ನ ಕಕ್ಕಸು ಹೊರ್ತಾ ಇದ್ದ ಕಣೋ. ಅದನ್ನ ನೋಡ್ಕೊಂಡು ನೀನು ಕಾಫಿ ಕುಡೀತಿದ್ದೆ. ನಾನೂ ಕುಡೀತಿದ್ದೆ. ನಂದೂ ತಪ್ಪೇ. ಗಂಡನ ಮಾನ ನೋಡಕ್ಕೋಗಿ ಹಾಲಿಸ್ ಕೈ ಮುರಿದೆ ನಾನು.”

ಅವಳು ಅಳಲಿಲ್ಲ. ಸಾರು ಸೀದ ವಾಸನೆ ಬಂದಾಗ “ಒಲೆ ನೋಡು” ಎಂದಳು.

ಮರುದಿನ ಸಂಜೆ ನಾಲ್ಕಕ್ಕೆ ವರ್ಲಿನ್ ಕುರ್ಚಿ ಒಯ್ಯಲಿಲ್ಲ, ಬರಿಗೈಲಿ ಹೋದ. ಹಾಲಿಸ್ ಬಂದು ಕೂತಿದ್ದಾನೆಂದು ನೋಡಿಕೊಂಡು ಅವನೆದುರಿಗೆ ನಿಂತ.

“ಹಾಲಿಸ್, ನಿನ್ನ ಬಳೆ ಕಿತ್ತು ಬರ್ಲಿಲ್ಲ. ನಾನು ಕೊಕ್ಕೆ ಹಾಕಿರ್ಲಿಲ್ಲ. ಆಮೇಲೆ ಬಳೆನ ನಾನೇ ಹಾರೇಲಿ ಮೀಟಿ ಕಿತ್ತೆ.”

ಬೈದಿದ್ದರೆ ವರ್ಲಿನ್ ತಡೆದುಕೊಳ್ಳುತ್ತಿದ್ದ, ಹೊಡೆದಿದ್ದರೆ ಮುಖ ಒಡ್ಡುತ್ತಿದ್ದ. ಹಾಲಿಸ್ ಮಾತು ತಡವಾಗಿ ಕಿವಿಗೆ ಬಿದ್ದವನಂತೆ ಅವನನ್ನೇ ನೋಡಿದ. ಜೇಬು ಮುಟ್ಟಿಕೊಂಡ. ವರ್ಷದಿಂದ ಇಟ್ಟುಕೊಂಡಿದ್ದ ಬಳೆ ಅಲ್ಲೇ ಇತ್ತು.

“ತೋರ್ಸು,” ಎಂದ.

ಇಬ್ಬರೂ ಟ್ರೇಲರಿನೊಳಗೆ ಹೋದರು. ಟ್ವೈಲಾ ಸೋಫಾದಲ್ಲಿ ಕೂತಿದ್ದವಳು ಏಳಲು ನೋಡಿದಳು. ಹಾಲಿಸ್ ಕೈಸನ್ನೆ ಮಾಡಿ ಕೂರಿಸಿದ. ವರ್ಲಿನ್ ಪ್ಲೈವುಡ್ ತುಂಡನ್ನು ಬಿಚ್ಚಿದ. ಗೋಡೆಯ ತೂತುಗಳ ಸುತ್ತ ಹಾರೆಯ ಮೂತಿ ಕಚ್ಚಿದ ಗುರುತು, ಒಂದರ ಮೇಲೊಂದು, ಇಲಿ ಕಡಿದ ಹಾಗೆ. ಒಳಗಿನ ಕಬ್ಬಿಣದ ಕಂಬಿ ಕೂಡ ಒಂದು ಕಡೆ ಹೊರಕ್ಕೆ ಜಗ್ಗಿತ್ತು. ಹಾಲಿಸ್ ಕನ್ನಡಕ ಏರಿಸಿಕೊಂಡು ಹೆಬ್ಬೆರಳಿನಿಂದ ಆ ಗುರುತುಗಳನ್ನು ಸವರಿದ. ಬಹಳ ಹೊತ್ತು ಸವರಿದ.

“ಒಂದು ಗಂಟೆ ಹಿಡಿದಿರ್ಬೇಕು ನಿಂಗೆ.”

“ಎರಡು,” ಎಂದ ವರ್ಲಿನ್.

ಹಾಲಿಸ್ ತಲೆದೂಗಿದ. ಅವನ ಮುಖದಲ್ಲಿ ಒಂದು ಕ್ಷಣ ಹಳೆಯ ಕಣಜಗಾರ ಕಂಡ. ಆಮೇಲೆ ಆ ಮುಖ ಮುಚ್ಚಿಕೊಂಡಿತು.

“ಎರಡು ಗಂಟೆ,” ಎಂದ. “ಒಂದೊಂದು ಸಲ ಹಾರೆ ಹಾಕುವಾಗ್ಲೂ ನಿಲ್ಲಿಸಬಹುದಾಗಿತ್ತು ನೀನು.”

ಹಾಲಿಸ್ ಟ್ವೈಲಾಳ ಕಡೆ ತಿರುಗಿದ. ಅವಳು ತಾನಾಗಿಯೇ, “ನಂಗೂ ಗೊತ್ತಿತ್ತು ಹಾಲಿಸ್. ಮೊದಲಿಂದ ಗೊತ್ತಿತ್ತು,” ಎಂದಳು. ಆ ಮಾತು ಮೊದಲಿನದಕ್ಕಿಂತ ಆಳಕ್ಕೆ ಇಳಿದಂತೆ ಕಂಡಿತು. ಅವನು ಟೋಪಿ ಹಾಕಿಕೊಂಡು, ಇಳಿಜಾರಿನ ಕಂಬಿ ಹಿಡಿಯದೆ ಇಳಿದು ಹೋದ.

ಮರುದಿನ ಬೆಳಿಗ್ಗೆ ಕರ್ಟಿಸ್‌ನ ಟ್ರೇಲರಿನಿಂದ ಗೋಡೆ ತಟ್ಟುವ ಸದ್ದು ಬಂತು, ಆಮೇಲೆ ಡ್ರಿಲ್ಲಿನ ಸದ್ದು. “ಗೂಳಿ ಕಟ್ಟಬಹುದಾ?” ಎಂದು ಜೊಲೀನ್ ಕೇಳಿದ್ದು, “ನಿಮ್ಮೆಜಮಾನ್ರನ್ನೇ ಕಟ್ಟಿ” ಎಂದು ಹಾಲಿಸ್ ಹೇಳಿದ್ದು, ಜನ ನಕ್ಕಿದ್ದು, ಎಲ್ಲ ಬಯಲಿನ ಈಚೆಗೆ ಕೇಳಿಸಿತು. ವರ್ಲಿನ್ ತನ್ನ ಮೆಟ್ಟಿಲ ಮೇಲೆ ಕೂತು ಕೇಳಿದ. ಒಂದು ವರ್ಷದಿಂದ ಆ ದನಿ ಬಯಲಲ್ಲಿ ಇರಲಿಲ್ಲವೆಂಬುದು ಅವನಿಗೆ ಆಗ ತಿಳಿಯಿತು.

ಆ ವಾರವೇ ಹಾಲಿಸ್ ಹೊರಟ. ಚಳಿಗಾಲ ಇನ್ನೂ ಅರ್ಧ ಉಳಿದಿತ್ತು. ಟೆಕ್ಸಾಸ್ ಕಡೆ ಬೇರೊಂದು ಗುಂಪು ಇದೆಯಂತೆ ಎಂದು ಜನ ಆಡಿಕೊಂಡರು. ಬಯಲು ಬಿಡುವವರು ಒಂದೊಂದು ಟ್ರೇಲರಿನ ಮುಂದೂ ನಿಧಾನಿಸಿ ಹಾರ್ನ್ ಒತ್ತಿ ಹೋಗುವುದು ವಾಡಿಕೆ. ಅವನು ಒಂದೊಂದರ ಮುಂದೂ ಒತ್ತುತ್ತ ಬಂದ. ಟ್ವೈಲಾ ಎರಡೂ ಕೈಲಿ ಕಂಬಿ ಹಿಡಿದು ಹೊರಗೆ ಬಂದು ನಿಂತಿದ್ದಳು, ವರ್ಲಿನ್ ಅವಳ ಬೆನ್ನಿಗೆ ನಿಂತಿದ್ದ. ಗಾಡಿ ಇವರ ಮುಂದೆ ನಿಧಾನಿಸಿತು. ಹಾರ್ನ್ ಆಗಲಿಲ್ಲ. ಹಳ್ಳದ ಕಲ್ಲುದಾರಿ ಹತ್ತಿ ಹೋಯಿತು.

ಅದಾದ ಮೇಲೆ ವರ್ಲಿನ್ ಆರು ಚಳಿಗಾಲ ಬದುಕಿದ. ಬಯಲಿನವರು ಅವನನ್ನು ದೂರ ಮಾಡಲಿಲ್ಲ, ನಾಲ್ಕರ ಕೂಟಕ್ಕೆ ಕರೆದರು, ಅವನ ಜೋಕಿಗೆ ನಕ್ಕರು. ಟ್ವೈಲಾಳೂ ಅವನನ್ನು ಬಿಟ್ಟು ಹೋಗಲಿಲ್ಲ. ಮೇಜಿನ ಜಗಳ ಮಾತ್ರ ತಿರುಗಿ ಹುಟ್ಟಲಿಲ್ಲ. ಅವನು ಎಲ್ಲಿ ಇಟ್ಟರೂ ಅವಳು “ಹೂಂ” ಅನ್ನುತ್ತಿದ್ದಳು. ಆ ಹೂಂ ಕೇಳಿದ ದಿನ ಅವನು ಹಲಗೆಯ ಪಟ್ಟಿಯನ್ನು ಸಿಕ್ಕ ಕಂಬಿಗೆ ಎರಡು ಸಲ ಬಿಗಿದು, ಹತ್ತು ಮೈಲಿ ಹೋಗಿ ಗಾಡಿ ನಿಲ್ಲಿಸಿ, ಇಳಿದು ಮತ್ತೆ ನೋಡಿ ಬರುತ್ತಿದ್ದ. ಅವಳು ಮುಂದಿನ ಸೀಟಿನಲ್ಲಿ ಕೂತು ದಾರಿ ನೋಡುತ್ತಿದ್ದಳು.