ಸ್ಟ್ಯಾಂಡಿಲ್ಲದ ಸೈಕಲ್ಲು

ಯಳವಿಯ ಸಂಗವ್ವ ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಮಗಳನ್ನು ಹೊಗಳದೆ ತಿರುಗಿ ಬಂದವಳಲ್ಲ. ಹೊಗಳುವುದಕ್ಕೆ ಕಾರಣವೂ ಇತ್ತು ಅನ್ನಿ. ಅವಳು ನಸುಕಿನಲ್ಲಿ ಎದ್ದು ಬಡಿದ ಖಡಕ್ ರೊಟ್ಟಿ ಜತ್ತದ ಖಾನಾವಳಿಗಳಿಗೆ ಹೋಗಬೇಕು. ಗಂಡ ಸೋಮನಿಂಗಪ್ಪ ಹಿಟ್ಟಿನ ಗಿರಣಿ ಬಿಟ್ಟು ಏಳುವ ಗಿರಾಕಿಯಲ್ಲ. ಹಾಗಾಗಿ ರೊಟ್ಟಿಯ ಗಂಟನ್ನು ಹಳೆಯ ಕಬ್ಬಿಣದ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದುಕೊಂಡು ಮಗಳು ಸೃಷ್ಟಿ ಹೋಗುತ್ತಿದ್ದಳು. ಎದುರುಗಾಳಿ, ಏರು, ಬೆನ್ನ ಹಿಂದೆ ಭಾರ. ಜೋರಾಗಿ ತುಳಿದರೆ ಮಾತ್ರ ಕಾಲೇಜಿನ ಮೊದಲ ತಾಸು ಸಿಗುತ್ತಿತ್ತು. ತುಳಿದು ತುಳಿದು ಹುಡುಗಿಯ ಕಾಲು ಎಷ್ಟು ಗಟ್ಟಿಯಾದವೆಂದರೆ, ಕಾಲೇಜಿನ ಪಂದ್ಯದಲ್ಲಿ ಗೇರಿನ ಸೈಕಲ್ಲು ತಂದವರನ್ನೂ ಹಿಂದೆ ಹಾಕಿದಳು.

ಅದನ್ನು ನೋಡಿದವರು ನೂರಮಹಮ್ಮದ ಸರ್. ಜತ್ತದಲ್ಲಿ ಆಟ ಕಲಿಸುವ ಮಾಸ್ತರರು, ವಯಸ್ಸಿನಲ್ಲಿದ್ದಾಗ ತಾವೂ ಸೈಕಲ್ ಪಂದ್ಯಕ್ಕೆ ಇಳಿದವರು. ಮುಂದಿನ ಎರಡು ವರ್ಷ ಅವರೇ ಅವಳನ್ನು ತಿದ್ದಿದರು. ಜಿಲ್ಲೆಯವರೆಗೆ ಹುಡುಗಿ ಸಲೀಸಾಗಿ ಹೋದಳು. ರಾಜ್ಯದ ತಂಡಕ್ಕೆ ಆರಿಸುವಾಗ ಮಾತ್ರ ಎರಡೂ ಸಲ ಕೂದಲೆಳೆಯಲ್ಲಿ ತಪ್ಪಿತು. ಎರಡನೆಯ ಸಲ ಸರ್ ಯಳವಿಗೇ ಬಂದು ಕಟ್ಟೆಯ ಮೇಲೆ ಕೂತು ಹೇಳಿದರು:

"ಅಕ್ಕಾರ, ಹುಡಿಗಿ ಕಾಲಾಗ ಏನೂ ಕಮ್ಮಿ ಇಲ್ರಿ. ಉಳದವ್ರೆಲ್ಲಾ ಕಾರ್ಬನ್ ಸೈಕಲ್ ಮ್ಯಾಲ ಬರ್ತಾರ. ಈಕಿ ಕಬ್ಬಣ ಹೊತ್ಕೊಂಡು ಗುಡ್ಡಾ ಏರಬೇಕು. ಎಷ್ಟಂತ ತುಳೀತಾಳ?"

ಪುಣೆಯ ಒಬ್ಬ ಸಾಹುಕಾರ ಆಸೆಯಿಂದ ಕೊಂಡು, ಮೊಣಕಾಲು ನೋಯಿಸಿಕೊಂಡು, ಗೋಡೆಗೆ ತೂಗುಹಾಕಿದ್ದ ಅಂಥ ಒಂದು ಸೈಕಲ್ಲು ಸರ್‌ಗೆ ಗೊತ್ತಿತ್ತು. ಅರ್ಧ ಬೆಲೆಗೆ ಕೊಡುತ್ತಾನಂತೆ. ಆ ಅರ್ಧ ಬೆಲೆ ಕೇಳಿಯೇ ಸೋಮನಿಂಗಪ್ಪನಿಗೆ ಕೆಮ್ಮು ಹತ್ತಿತು.

"ಅಷ್ಟಕ್ಕ ಮೋಟರ್ ಸೈಕಲ್ ಬರ್ತೈತಲ್ರಿ ಸರ್! ಅದು ತಾನಾ ಓಡತೈತಿ, ಇದನ್ನ ನಾವು ಓಡಸ್ಬೇಕು."

ಸಂಗವ್ವನ ಕೈ ಕೊರಳಿಗೆ ಹೋಯಿತು. ಅವಳು ತವರಿನಿಂದ ತಂದ ಬಂಗಾರವೆಂದರೆ ಕೊರಳಲ್ಲಿದ್ದ ಬೋರಮಾಳ ಒಂದೇ. ಮರುದಿನ ಅದು ಜತ್ತದ ಪತ್ತಾರನ ಅಂಗಡಿಗೆ ಹೋಯಿತು. ಗಂಡ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಮಾತಾಡಿದ, ಆದರೆ ಮಾತು ಬಿಟ್ಟಿದ್ದೇ ಚಲೋ ಇತ್ತು ಅನ್ನಿಸುವಂಥ ಮಾತು. ಸೃಷ್ಟಿಯನ್ನು ಅಥಣಿ ಕಡೆಯವರು ಕೇಳಿದ್ದರು. ಒಳ್ಳೆಯ ಮನೆತನ, ಹುಡುಗನೂ ಕೆಟ್ಟವನಲ್ಲ, ಆದರೆ ಸೊಸೆ ಸೈಕಲ್ ತುಳಿಯುವುದು ಅವರಿಗೆ ಬೇಡ.

"ಈ ಸಲ ಆರಿಸಿ ಬಂದ್ರ ನಾ ಅಡ್ಡ ಬರೂದಿಲ್ಲ. ಬರಲಿಲ್ಲಂದ್ರ ಅದರ ಮುಂದಿನ ಸೋಮವಾರ ಅವ್ರನ್ನ ಕರಸ್ತೀನಿ. ಆಮ್ಯಾಲ ತಾಯಿ ಮಗಳು ಕೂಡಿ ಅಳೂದು ನಡ್ಯಾಂಗಿಲ್ಲ."

"ಆತು," ಅಂದಳು ಸಂಗವ್ವ.

ಸೈಕಲ್ಲು ಬಂದ ದಿನ ಓಣಿಗೆ ಓಣಿಯೇ ನೋಡಲು ನೆರೆಯಿತು. ಸಂಗವ್ವ ಒಂದೇ ಕೈಯಲ್ಲಿ ಎತ್ತಿ ನೋಡಿದಳು, ನೀರು ತುಂಬಿದ ಕೊಡಕ್ಕಿಂತ ಹಗುರ. ಸೋಮನಿಂಗಪ್ಪ ಅದರ ಸುತ್ತ ಸುತ್ತಿದ.

"ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಬಾರಿಸೂ ಗಂಟೀನೂ ಇಲ್ಲ. ಇಷ್ಟೆಲ್ಲಾ ಬಿಚ್ಚಿ ತಗದಿದ್ದಕ್ಕನ ರೊಕ್ಕ ಜಾಸ್ತಿ ಏನು?"

ಜನ ಬಿದ್ದು ಬಿದ್ದು ನಕ್ಕರು. ಸೃಷ್ಟಿ ಕೂಡ ನಕ್ಕಳು. ಪೆಡಲಿಗೆ ಕಚ್ಚಿಕೊಳ್ಳುವ ಬೂಟು ಹಾಕಿಕೊಂಡು, ಅಂಗಳದಲ್ಲಿ ಟಕ್ಕು ಟಕ್ಕು ಅಂತ ಎಡವುತ್ತ ನಡೆದು, ಹತ್ತಿ ಹೊರಟಳು ನೋಡಿ! ಊರ ಹೊರಗಿನ ಏರಿನಲ್ಲಿ ಅವಳು ಯಾವಾಗಲೂ ಏದುಸಿರು ಬಿಡುತ್ತಿದ್ದಳು. ಅವತ್ತು ಆ ಏರಿನಲ್ಲಿ ಒಂದು ಟೆಂಪೋವನ್ನು ಹಿಂದೆ ಹಾಕಿ ಕಣ್ಮರೆಯಾದಳು. ಸಂಗವ್ವ ಬರಿಯ ಕೊರಳು ಮುಟ್ಟಿಕೊಂಡಳು. ಹೋದದ್ದಕ್ಕೆ ಅವಳಿಗೆ ಎಳ್ಳಷ್ಟೂ ಸಂಕಟವಾಗಲಿಲ್ಲ. ಆ ಸೈಕಲ್ಲಿಗೆ ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ ಅಂತ ಅವಳಿಗೆ ಆ ಏರಿನಲ್ಲೇ ತಿಳಿಯಿತು.

ಪೂಜೆ ಮಾಡದೆ ಗಾಡಿ ರಸ್ತೆಗಿಳಿಸಿದ್ದು ಮಾತ್ರ ಅವಳ ಮನಸ್ಸಿಗೆ ಕುಟುಕುತ್ತಿತ್ತು. ಶುಕ್ರವಾರ ತಾಯಿ ಮಗಳು ಗುಡ್ಡಾಪುರಕ್ಕೆ ಹೋದರು. ದಾನಮ್ಮನ ಗುಡಿಯ ಮುಂದೆ ಸೈಕಲ್ಲು ನಿಲ್ಲಿಸಿ, ಅಂದರೆ ಸ್ಟ್ಯಾಂಡಿಲ್ಲದ್ದಕ್ಕೆ ಸೃಷ್ಟಿ ಹಿಡಿದುಕೊಂಡು ನಿಂತ ಮೇಲೆ, ಸಂಗವ್ವ ವಿಭೂತಿ ಬಳಿದಳು, ಕುಂಕುಮ ಹಚ್ಚಿದಳು, ಕರಿದಾರ ಕಟ್ಟಿದಳು, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟಳು. ಕಾಯಿ ಒಡೆಯುವುದಷ್ಟೇ ಉಳಿಯಿತು. ಸೋಮನಿಂಗಪ್ಪನ ಮನೆತನದಲ್ಲಿ ಈ ಕಾಯಿಯನ್ನು ಕಲ್ಲಿಗೆ ಒಡೆಯುವುದಿಲ್ಲ. ಯಾವುದಕ್ಕೆ ಪೂಜೆಯೋ ಅದರ ಕಬ್ಬಿಣಕ್ಕೇ ಒಡೆಯಬೇಕು, ಕಾಯಿಯ ನೀರು ಅದರ ಮೈಮೇಲೇ ಇಳಿಯಬೇಕು. ಗಿರಣಿ ಕೂಡಿಸಿದಾಗ ಗಿರಣಿಯ ಕಾಲಿಗೆ ಒಡೆದಿದ್ದರು. ಹಳೆಯ ಸೈಕಲ್ಲು ಬಂದಾಗ ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಮೇಲಿನ ಡಂಡಿಗೆ ಸಂಗವ್ವನೇ ಒಡೆದಿದ್ದಳು, ಡಂಡಿಗೆ ಏನೂ ಆಗಿರಲಿಲ್ಲ. ಈಗಲೂ ಸೀಟಿನ ಮುಂದಿನ ಡಂಡಿಗೆ, ದೇವಿಯನ್ನು ನೆನೆದು, ಗಟ್ಟಿಯಾಗಿ ಒಂದೇಟು ಹಾಕಿದಳು. ಕಾಯಿ ಒಂದೇ ಏಟಿಗೆ ಸರಿಪಾಲಾಗಿ ಒಡೆಯಿತು. ಹೂ ಮಾರುವವಳು ಕೂಡ, ಭಾಳ ಚಲೋ ಆತವ್ವಾ, ಅಂದಳು. ಸಂಗವ್ವನಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಏಟು ಬಿದ್ದ ಜಾಗಕ್ಕೆ ಮತ್ತೊಂದು ಬೊಟ್ಟು ಕುಂಕುಮವನ್ನು ಒತ್ತಿ ಹಚ್ಚಿದಳು.

ಪೂಜೆಯ ಕುಂಕುಮವನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಸೃಷ್ಟಿಯೂ ಒರೆಸಲಿಲ್ಲ. ಕುಂಕುಮವಿದ್ದ ಹಾಗೇ ತಯಾರಿ ನಡೆಸಿದಳು. "ಡಂಡಿ ಕಿರ್ ಅಂತೈತವ್ವಾ," ಅಂತ ಒಂದೆರಡು ಸಲ ಅಂದಳು. "ಹೊಸಾದು, ಅಂತೈತಿ," ಅಂದು ಸಂಗವ್ವ ಚೈನಿಗೆ ಎಣ್ಣೆ ಬಿಟ್ಟಳು.

ಆಯ್ಕೆಯ ದಿನ ಸಾಂಗಲಿಯ ಆಚೆ, ಗುಡ್ಡ ಏರಿ ಇಳಿಯುವ ರಸ್ತೆಯ ಬದಿಯಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ನಂಬರಿನ ಚೀಟಿಯನ್ನು ಮೇಲಿನ ಡಂಡಿಗೇ ಅಂಟಿಸಬೇಕು, ಜಾಗ ಸ್ವಚ್ಛ ಮಾಡಿಕೊಳ್ಳಿ ಅಂತ ಪಂದ್ಯ ನಡೆಸುವವರು ಮರಾಠಿಯಲ್ಲಿ ಕೂಗಿದರು. ಸಂಗವ್ವ ಮನಸ್ಸಿನಲ್ಲೇ ದೇವಿಗೆ ಕೈಮುಗಿದು, ಸೆರಗಿನ ತುದಿ ಒದ್ದೆ ಮಾಡಿ ಕುಂಕುಮ ಒರೆಸಿದಳು. ಕುಂಕುಮ ಹೋಯಿತು. ಅದರಡಿಯ ಒಂದು ಗೆರೆ ಮಾತ್ರ ಹೋಗಲಿಲ್ಲ. ಉಗುರಿನಿಂದ ಕೆರೆದಳು, ಉಗುರು ಸಿಕ್ಕಿಕೊಂಡಿತು.

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ನೋಡುವುದು ಹೆಂಗಸರಿಗೆಲ್ಲ ರೂಢಿ. ಸಂಗವ್ವ ಡಂಡಿಯ ಮುಂದಿನ ತುದಿಗೆ ಬಡಿದಳು, ಟಣ್ ಅಂತು. ಗೆರೆಯ ಹತ್ತಿರ ಬಡಿದಳು, ಡಬ್ ಅಂತು. ಒಡಕು ಗಡಿಗೆಯ ಸಪ್ಪಳ.

ಹೇಳದೆ ಬಿಟ್ಟರೆ? ಒಂದು ಗಳಿಗೆ ಅವಳಿಗೂ ಹಾಗನ್ನಿಸಿತು, ಸುಳ್ಳೇಕೆ. ಚೀಟಿ ಅಂಟಿಸಿದರೆ ಗೆರೆ ಮುಚ್ಚಿಹೋಗುತ್ತಿತ್ತು. ಅಥಣಿಯವರು ಕಣ್ಣ ಮುಂದೆ ಬಂದರು, ಗಂಡನ ಮುಖ ಬಂತು. ಅವೆಲ್ಲದರ ಹಿಂದೆ ಗುಡ್ಡದ ಇಳಿಜಾರು ಬಂತು.

"ಸರ್, ಲಗೂನ ಬರ್ರಿ ಇಲ್ಲೆ," ಅಂತ ಕರೆದಳು.

ನೂರಮಹಮ್ಮದ ಸರ್ ಬಂದು ನೋಡಿದರು. ಮುಟ್ಟಿದರು. "ಏನ ಬಡೀತ್ರಿ ಇದಕ್ಕ?"

"ಕಾಯಿ ಒಡದೆ," ಅಂದಳು ಸಂಗವ್ವ. "ಗುಡ್ಡಾಪುರದಾಗ. ನಾನಾ ಒಡದೆ."

"ಯಾ ಅಲ್ಲಾ! ಕಾರ್ಬನ್ ಐತ್ರಿ ಅಕ್ಕಾರ, ಕಬ್ಬಣ ಅಲ್ಲ. ಅದು ಹೊಡ್ತಾ ತಾಳೂದಿಲ್ಲ." ಹಣೆ ಹಿಡಿದುಕೊಂಡರು. "ನಾನರ ಒಂದ ಮಾತು ಹೇಳಬೇಕಿತ್ತು."

ಸೃಷ್ಟಿ ಅವ್ವನ ಮುಖ ನೋಡಿದಳು, ಗೆರೆ ನೋಡಿದಳು. ಹ್ಯಾಂಡಲ್ಲು ಹಿಡಿದಳು.

"ಇಷ್ಟ ದಿನಾ ಓಡಿಸೇನಿ. ಇವತ್ತೊಂದಿನ ತಡೀತೈತಿ. ಚೀಟಿ ಹಚ್ರಿ ಸರ್."

ಸರ್ ಬೇರೆ ಸೈಕಲ್ಲಿಗಾಗಿ ಅಲ್ಲಿ ನಿಂತವರನ್ನೆಲ್ಲ ಬೇಡಿ ಬಂದರು. ತಮ್ಮ ಹುಡುಗಿ ಓಡಿಸಬೇಕಾದ ಸೈಕಲ್ಲನ್ನು ಯಾರು ಬಿಟ್ಟುಕೊಟ್ಟಾರು? ಅತ್ತ ಹೆಸರು ಕೂಗಲು ಸುರುಮಾಡಿದ್ದರು. ಸರ್ ಮತ್ತೆ ಆ ಗೆರೆಯ ಮೇಲೆ ಬೆರಳಾಡಿಸಿದರು. ಆಸೆ ಅವರಿಗೂ ಇತ್ತು, ಪಾಪ. "ಏರಿನ್ಯಾಗ ಏನೂ ಆಗೂದಿಲ್ರಿ. ಇಳಿಜಾರಿನ್ಯಾಗ... ತಡೀಬಹುದು. ತಡೀಲಿಕ್ಕಿಲ್ಲ. ನನ್ನ ಬಾಯಿಲೆ ಹೋಗಂತ ಹೆಂಗ ಹೇಳ್ಲಿ? ನೀವ ಹೇಳ್ರಿ ಅಕ್ಕಾರ."

"ಬ್ಯಾಡ," ಅಂದಳು ಸಂಗವ್ವ.

"ನಾ ಹೋಗಾಕೆನ," ಅಂದಳು ಸೃಷ್ಟಿ. "ಬಿದ್ರ ಬೀಳ್ತೀನಿ. ಬಿದ್ದು ಸತ್ರೂ ಚಲೋ, ಅಥಣಿಗಿ ಹೋಗೂದು ತಪ್ತೈತಿ."

ಆ ಮಾತು ಕೇಳಿದ ಮೇಲೆ ಸಂಗವ್ವ ವಿಚಾರ ಮಾಡಲಿಲ್ಲ. ಮಗಳ ಕೈಯಿಂದ ಸೈಕಲ್ಲನ್ನು ಕಿತ್ತುಕೊಂಡಳು. ಹಗುರವಿತ್ತಲ್ಲ, ಸಲೀಸಾಗಿ ಎದ್ದಿತು. ತಲೆಯ ಮೇಲಕ್ಕೆ ಎತ್ತಿ, ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಡಂಡಿ ಬೀಳುವಂತೆ ಅಪ್ಪಳಿಸಿದಳು. ಮತ್ತೊಮ್ಮೆ ಅಪ್ಪಳಿಸಿದಳು. ಎರಡನೆಯ ಏಟಿಗೆ ಅದು ಆ ಗೆರೆಯಲ್ಲೇ, ಅವಳ ಖಡಕ್ ರೊಟ್ಟಿ ಮುರಿದಂತೆ, ಕಟಕ್ಕನೆ ಮುರಿಯಿತು. ನಿಂತ ಜನರೆಲ್ಲ ಹೋ ಅಂದರು. ಮುರಿದ ತುದಿಯಲ್ಲಿ ನೋಡಿದರೆ ಒಳಗೆ ಟೊಳ್ಳು. ಸೈಕಲ್ಲನ್ನು ಕೆಳಗಿಟ್ಟು, ಮೈಲಿಗಲ್ಲಿನ ಪಕ್ಕದಲ್ಲೇ ಕುಸಿದು, ಸಂಗವ್ವ ಬಾಯಿ ಬಡಿದುಕೊಂಡು ಅತ್ತಳು.

ಹೆಸರು ಕೂಗಿದಂತೆ ಬೇರೆ ಹುಡುಗಿಯರು ಒಬ್ಬೊಬ್ಬರಾಗಿ ಸೈಕಲ್ಲು ಹತ್ತಿ ಗುಡ್ಡದ ಕಡೆ ಹೊರಟುಹೋದರು.

ಬಸ್ಸಿನಲ್ಲಿ ತಾಯಿ ಮಗಳು ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು. ಸೃಷ್ಟಿ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಸಂಗವ್ವ ಎರಡು ಸಲ ನೀರಿನ ಬಾಟಲಿ ಚಾಚಿದಳು, ಮಗಳು ತೆಗೆದುಕೊಳ್ಳಲಿಲ್ಲ. ಇನ್ನು ಈ ಹುಡುಗಿ ತನ್ನನ್ನು ಅವ್ವಾ ಅನ್ನುವುದಿಲ್ಲ ಅಂತಲೇ ಅವಳು ತಿಳಿದಳು.

ಮನೆ ಮುಟ್ಟುವ ಹೊತ್ತಿಗೆ ಸೋಮನಿಂಗಪ್ಪ ಮೈಯೆಲ್ಲ ಹಿಟ್ಟು ಮಾಡಿಕೊಂಡು ಗಿರಣಿಯ ಬಾಗಿಲಲ್ಲಿ ನಿಂತಿದ್ದ. ಮುರಿದ ಸೈಕಲ್ಲು ನೋಡಿದವನೇ, "ಇದನ್ಯಾರು ಮುರದ್ರು?" ಅಂದ. ಸಂಗವ್ವ ಬಾಯಿ ತೆರೆಯುವ ಮೊದಲೇ ಸೃಷ್ಟಿ ಅಂದಳು:

"ನಾ ಬಿದ್ದೆ ಅಪ್ಪಾ. ಇಳಿಜಾರಿನ್ಯಾಗ ಬಿದ್ದೆ."

ರೊಕ್ಕ ನೀರಿಗೆ ಹಾಕಿದಿರಿ ಅಂತ ಅವನು ಕೂಗಾಡಬೇಕಿತ್ತು. ಕೂಗಾಡಲಿಲ್ಲ. ಓಡಿಬಂದು ಮಗಳ ಮೊಣಕೈ ತಿರುಗಿಸಿ ನೋಡಿದ, ಅಂಗೈ ನೋಡಿದ, ನೆಲಕ್ಕೆ ಕೂತು ಮೊಣಕಾಲು ನೋಡಿದ. ಅವನ ಕೈಯ ಹಿಟ್ಟು ಅವಳ ಮೈಗೆಲ್ಲ ಹತ್ತಿತು.

"ಒಂದ ತರಚಿಲ್ಲಲ್ಲ," ಅಂದ.

"ಆಕಿ ಬಿದ್ದಿಲ್ರಿ," ಅಂದಳು ಸಂಗವ್ವ. "ನಾ ಕಾಯಿ ಒಡದಿದ್ದಕ್ಕ ಡಂಡಿ ಬಿರುಕು ಬಿಟ್ಟಿತ್ತು. ಬ್ಯಾಡಂದ್ರ ಆಕಿ ಕೇಳಲಿಲ್ಲ. ನಾನಾ ಮುರದೆ."

ಸೋಮನಿಂಗಪ್ಪ ಮುರಿದ ಡಂಡಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದ. ಆಮೇಲೆ ಮತ್ತೊಮ್ಮೆ ಮಗಳ ಮೊಣಕಾಲು ನೋಡಿದ.

"ಚಲೋ ಮಾಡಿದಿ," ಅಂದ. ಆಮೇಲೆ ತಲೆ ಎತ್ತದೆ ಅಂದ, "ಖರೆ, ಸೋಮವಾರ ಅವ್ರು ಬರ್ತಾರ. ನಿನ್ನೇನ ಫೋನ್ ಬಂದಿತ್ತು. ನಾ ಹೂಂ ಅಂದೇನಿ."

ಅವನು ಒಳಗೆ ಹೋಗಿ ಪಟ್ಟಾ ಏರಿಸಿ ಗಿರಣಿ ಸುರುಮಾಡಿದ. ಸೃಷ್ಟಿ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದಳು. ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟು, ಸೈಕಲ್ಲು ಮುರಿದ ಮೇಲೆ ಮೊದಲ ಸಲ ತಾಯಿಯ ಮುಖ ನೋಡಿದಳು.

"ಅವ್ವಾ, ಇವತ್ತ ಸೈಕಲ್ ಹತ್ತಿದ್ರ ನಾ ಆರಿಸಿ ಬರ್ತಿದ್ನೋ ಇಲ್ಲೋ?"

ಇಲ್ಲ ಅಂದುಬಿಟ್ಟಿದ್ದರೆ ಹುಡುಗಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ಆದರೆ ಆ ಏರಿನಲ್ಲಿ ಮಗಳು ಟೆಂಪೋವನ್ನು ದಾಟಿ ಹೋದದ್ದನ್ನು ಸಂಗವ್ವ ಕಣ್ಣಾರೆ ನೋಡಿದ್ದಳು.

"ಬರ್ತಿದ್ದಿ," ಅಂದಳು.